ಲಸಿಕೆ ಫಲಿಸಿತೇ?

“ಲಸಿಕೆ ಹಾಕಿಸಿದ್ದೆವಲ್ಲ ಡಾಕ್ಟರೇ, ಆದರೂ ಮರಿ ಸತ್ತಿತೇಕೆ?” ಪಶುವೈದ್ಯನಾದ ನನಗೆ ಉತ್ತರಿಸಲು ಅತ್ಯಂತ ಕಷ್ಟವೆನಿಸುವ ಪ್ರಶ್ನೆ ಇದು. ನಾಯಿಗಳ ಡಿಸ್ಟೆಂಪರ್ ರೋಗವನ್ನೇ ತೆಗೆದುಕೊಳ್ಳೋಣ. ಜ್ವರ, ಕಣ್ಣು ಮೂಗುಗಳ ಸ್ರಾವ, ಕೆಮ್ಮು, ಭೇದಿ, ಅನೇಕ ವೇಳೆ ಕೊನೆಗೆ ಸೆಳವು. ಇದಕ್ಕೆ ಕಾರಣ ಸೋಸುಬಿಲ್ಲೆಯನ್ನೂ ದಾಟಬಲ್ಲ ವೈರಾಣುವೆಂದು ಫ್ರಾನ್ಸಿನ ಆನ್ರಿ ಕಾರ್ರೆ 1905ರಲ್ಲಿ ತೋರಿಸಿದರು. 1920ರ ದಶಕದಲ್ಲಿ ಇಂಗ್ಲೆಂಡಿನ ಲೇಡ್ಲಾ ಮತ್ತು ಡಂಕಿನ್ ಲಸಿಕೆಯೊಂದನ್ನು ರೂಪಿಸಿದರು. ರೋಗ ತಗುಲಿದ ಮೇಲೆ ಅದನ್ನು ಖಚಿತವಾಗಿ ಗುಣಪಡಿಸುವ ಔಷಧ ಇಂದಿಗೂ ಇಲ್ಲವಾದ್ದರಿಂದ ಲಸಿಕೆಯೇ ನಮಗಿರುವ ಆಸರೆ.

ಆದರೆ ಲಸಿಕೆ ಕೊಡುವುದು ಬೇರೆ, ಅದು ಫಲಿಸುವುದು ಬೇರೆ. ಹುಟ್ಟಿದ ಮರಿ ಮೊದಲ ದಿನ ಕುಡಿಯುವ ಗಿಣ್ಣುಹಾಲಿನೊಡನೆ ತಾಯಿಯ ಪ್ರತಿಕಾಯಗಳು ಅದರ ರಕ್ತವನ್ನು ಸೇರುತ್ತವೆ. ಮರಿಯನ್ನು ರೋಗದಿಂದ ಕಾಯುವ ಈ ಪ್ರತಿಕಾಯಗಳೇ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಾಣುವನ್ನೂ ಶತ್ರುವೆಂದು ಬಗೆದು ನಿಷ್ಫಲಗೊಳಿಸುತ್ತವೆ. ಅವು ಸುಮಾರು ಎಂಟೂವರೆ ದಿನಗಳಿಗೊಮ್ಮೆ ಅರ್ಧದಷ್ಟಾಗುತ್ತವೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1950ರ ದಶಕದಲ್ಲಿ ಕಂಡುಕೊಂಡರು. ಹೀಗೆ ಇಳಿಯುತ್ತ ಬಂದಾಗ, ಲಸಿಕೆಯನ್ನು ತಡೆಯಲು ಸಾಕಾಗುವಷ್ಟು, ಆದರೆ ರೋಗವನ್ನು ತಡೆಯಲು ಸಾಲದಷ್ಟು ಪ್ರತಿಕಾಯಗಳು ಉಳಿದಿರುವ ಕೆಲವು ವಾರಗಳು ಬರುತ್ತವೆ. ಮರಿಗಳನ್ನು ನಾವು ಕಳೆದುಕೊಳ್ಳುವುದು ಹೆಚ್ಚಾಗಿ ಆಗಲೇ. ಆರೇಳು ವಾರದ ಮರಿಗೆ ಒಂದು ಸೂಜಿ ಹಾಕಿಸಿ ಸುಮ್ಮನಾಗದೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೂ ಹಾಕಿಸಬೇಕೆನ್ನುವುದು ಇದಕ್ಕಾಗಿ.

ಫಲಿಸಿತೇ ಎಂದು ತಿಳಿಯುವ ಬಗೆಯೂ ಉಂಟು. ಕೊನೆಯ ಲಸಿಕೆಯಾಗಿ ನಾಲ್ಕು ವಾರಗಳಾದರೂ ಕಳೆದ ಮೇಲೆ, ಸುಮಾರು 20ನೆಯ ವಾರದಲ್ಲಿ, ಮರಿಯ ರಕ್ತರಸವನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಎಂದು ತೆಳುಮಾಡುತ್ತ, ಯಾವ ಹಂತದವರೆಗೆ ಅದು ವೈರಾಣುವನ್ನು ತಡೆಯಬಲ್ಲುದೆಂದು ನೋಡುತ್ತಾರೆ. ಆ ವೇಳೆಗೆ ತಾಯಿಯಿಂದ ಬಂದದ್ದು ಕರಗಿರುವುದರಿಂದ, ಕಂಡದ್ದು ಮರಿಯ ಸ್ವಂತ ಸಂಪಾದನೆ. ಏನೂ ಕಾಣದಿದ್ದರೆ ಮತ್ತೊಮ್ಮೆ ಲಸಿಕೆ ಕೊಟ್ಟು ಪರೀಕ್ಷಿಸಬೇಕು. ಬೆಳೆದ ನಾಯಿಯಲ್ಲಿ ಈ ರಕ್ಷಣೆ ಹಲವು ವರ್ಷ ಉಳಿಯುವುದರಿಂದ, ಅನಗತ್ಯವಾದ ಸೂಜಿಯನ್ನು ತಪ್ಪಿಸಲೂ ಪರೀಕ್ಷೆ ನೆರವಾಗುತ್ತದೆ. ಆದರೆ ಹುಚ್ಚುನಾಯಿ ರೋಗದ ವಿಷಯದಲ್ಲಿ ಈ ರಿಯಾಯಿತಿ ಸಲ್ಲದು. ಮನುಷ್ಯರ ಪ್ರಾಣವೂ ಅಲ್ಲಿ ಪಣಕ್ಕಿರುವುದರಿಂದ ಆ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಲೇಬೇಕು.

ಪರೀಕ್ಷೆಯ ಅನುಕೂಲ ಎಲ್ಲ ಊರುಗಳಲ್ಲೂ ಇಲ್ಲ. ಇಲ್ಲದ ಕಡೆ 16 ವಾರ ತುಂಬಿದ ಮೇಲಿನ ಆ ಕೊನೆಯ ಲಸಿಕೆಯನ್ನು ತಪ್ಪಿಸದಿರುವುದೇ ದೊಡ್ಡ ರಕ್ಷಣೆ. ಮರಿ ಗೆಲುವಾಗಿ ಓಡಾಡುತ್ತಿರುವಾಗ ನಾವು ಮರೆಯುವುದು ಅದನ್ನೇ.