ಕಾಲೇಜಿನ ಮೊದಲ ತಿಂಗಳು



ದ್ವಿತೀಯ ಪಿಯುಸಿ ಮುಗಿಸಿ ಪದವಿ ತರಗತಿಗೆ ಕಾಲಿಡುತ್ತಿರುವ ತರುಣ ತರುಣಿಯರೊಂದಿಗೆ ಇಂದು ಎರಡು ವಿಚಾರಗಳನ್ನು ಮಾತನಾಡಬೇಕೆಂದಿದ್ದೇನೆ. ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕು ಎಂಬುದು ಒಂದು. ಹೊಸ ಕಾಲೇಜಿನಲ್ಲಿ ಗೆಳೆಯರನ್ನು ಸಂಪಾದಿಸಿಕೊಳ್ಳುವುದು ಹೇಗೆ ಎಂಬುದು ಇನ್ನೊಂದು. ಈ ಮಾತು ಎಲ್ಲರಿಗೂ ಅನ್ವಯಿಸುತ್ತದಾದರೂ ನನ್ನ ಕಣ್ಣ ಮುಂದಿರುವವರು ಕನಕಪುರ ತಾಲ್ಲೂಕಿನ ಸಾತನೂರು ಮತ್ತು ಅದರ ಸುತ್ತಲಿನ ಹಳ್ಳಿಗಳ ಮಕ್ಕಳು.

ಸಾತನೂರಿನಿಂದ ಒಂದು ದಾರಿ ಕನಕಪುರಕ್ಕೆ, ಒಂದು ಚನ್ನಪಟ್ಟಣಕ್ಕೆ, ಮತ್ತೊಂದು ಹಲಗೂರಿನ ಮೂಲಕ ಮಳವಳ್ಳಿಗೆ. ಕನಕಪುರದ ಮೂಲಕ ಬೆಂಗಳೂರು 70 ಕಿ.ಮೀ. ಆಸುಪಾಸು. ಹೊಲದಲ್ಲಿ ರಾಗಿ, ಮನೆಯಲ್ಲಿ ರೇಷ್ಮೆ ಹುಳುವಿನ ತಟ್ಟೆ, ಇದು ಇಲ್ಲಿಯ ಬದುಕು. ರಾಜ್ಯ ಸರ್ಕಾರದ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿನ ಚಿಂತೆಯೂ ತಪ್ಪಿತು. ಆದರೆ ಕಾಲೇಜಿನ ಬಾಗಿಲಲ್ಲಿ ಇಳಿದ ಮೇಲೆ ಯಾರನ್ನು ಕೇಳಬೇಕು? ಮನೆಯಲ್ಲಿ ಪದವಿ ಓದಿದವರಿದ್ದರೆ ಸರಿ. ನೀವೇ ಮೊದಲಿಗರಾದರೆ ಪ್ರತಿಯೊಂದನ್ನೂ ನೀವೇ ವಿಚಾರಿಸಿ ತಿಳಿಯಬೇಕು.

ಇಂಥ ಹೊತ್ತಿನಲ್ಲಿ ಒಂದು ತೊಡಕು ಹುಟ್ಟುತ್ತದೆ. ಅರ್ಜಿ ತುಂಬುವಾಗ ಊರಿನ ಗೆಳತಿಯನ್ನು ಕೇಳುತ್ತೀರಿ, “ನೀನು ಯಾವ ಕಾಂಬಿನೇಷನ್ ತಗೊಂಡೆ?” ಅವಳು ಹೇಳಿದ್ದನ್ನೇ ನೀವೂ ಬರೆಯುತ್ತೀರಿ. ಅಲ್ಲಿ ಆಯ್ಕೆ ಮಾಡಿದ್ದು ನಿಮ್ಮ ಆಸಕ್ತಿಯಲ್ಲ, ಒಂಟಿಯಾಗಿಬಿಡುತ್ತೇನೆಂಬ ಭಯ. ಮೂರು ವರ್ಷದ ಓದನ್ನು ಆ ಭಯದ ಕೈಗೆ ಕೊಡಬಾರದು. ಬಸ್ಸಿನಲ್ಲಿ ಹೋಗಿಬರುವಾಗ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಆ ಗೆಳತಿ ಹೇಗೂ ನಿಮ್ಮ ಜೊತೆಗಿರುತ್ತಾಳೆ. ತರಗತಿಯಲ್ಲೂ ಪಕ್ಕದಲ್ಲೇ ಇರಬೇಕೆಂಬ ನಿಯಮವೇನಿಲ್ಲ.

ಹಾಗಾದರೆ ವಿಷಯಗಳನ್ನು ಆರಿಸುವುದು ಹೇಗೆ? ಮೊದಲು ಒಂದು ಎಚ್ಚರಿಕೆ. ನಮ್ಮ ರಾಜ್ಯದ ಪದವಿ ಶಿಕ್ಷಣದ ಸ್ವರೂಪ ಇತ್ತೀಚೆಗೆ ಎರಡು ಸಲ ಬದಲಾಗಿದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು. 2024–25ರಿಂದ ಮತ್ತೆ ಮೂರು ವರ್ಷದ ಪದವಿಯೇ ಜಾರಿಗೆ ಬಂದಿದೆ. ಆದ್ದರಿಂದ ಕೆಲವೇ ವರ್ಷಗಳ ಹಿಂದೆ ಸೇರಿದ ಅಣ್ಣನೋ ಅಕ್ಕನೋ ಹೇಳುವ ಮಾತು ಅವರ ಮಟ್ಟಿಗೆ ನಿಜವಾದರೂ ನಿಮಗೆ ಹೊಂದದಿರಬಹುದು. ಈ ಸಾಲಿನ ನಿಯಮವನ್ನು ಕಾಲೇಜಿನಲ್ಲೇ ಕೇಳಿ ತಿಳಿಯಿರಿ.

ಎರಡನೆಯದು, ವಿಷಯಗಳ ಗುಂಪು ಮುಂದೆ ಯಾವ ದಾರಿ ತೆರೆಯುತ್ತದೆ, ಯಾವುದನ್ನು ಮುಚ್ಚುತ್ತದೆ ಎಂಬುದನ್ನು ನೋಡಿ. ವಿಜ್ಞಾನವನ್ನೇ ತೆಗೆದುಕೊಳ್ಳೋಣ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿದರೆ ಪಿಸಿಎಂ. ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಸೇರಿದರೆ ಸಿಬಿಝಡ್. ಎರಡೂ ಬಿ.ಎಸ್ಸಿ. ಪದವಿಗಳೇ. ಆದರೆ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರ ನೇಮಕಾತಿಯಲ್ಲಿ ಪಿಸಿಎಂ ಓದಿದವರ ಹುದ್ದೆಗಳೇ ಬೇರೆ, ಸಿಬಿಝಡ್ ಓದಿದವರ ಹುದ್ದೆಗಳೇ ಬೇರೆ. ಮುಂದೆ ಗಣಿತದಲ್ಲಿ ಎಂ.ಎಸ್ಸಿ. ಮಾಡಬೇಕೆಂದರೆ ಪದವಿಯಲ್ಲಿ ಗಣಿತ ಓದಿರಬೇಕು. ಅದೇ ಕೆ.ಎ.ಎಸ್. ಪರೀಕ್ಷೆಗೆ ಕೂರಲು ಯಾವ ಪದವಿಯಾದರೂ ಆದೀತು. “ಅಧಿಕಾರಿಯಾಗಬೇಕು, ಅದಕ್ಕೆ ಇದೇ ವಿಷಯ ಬೇಕು” ಎಂದು ಯಾರಾದರೂ ಹೆದರಿಸಿದರೆ ಹೆದರಬೇಕಾಗಿಲ್ಲ. ಇಷ್ಟನ್ನು ತಿಳಿದುಕೊಂಡು, ಪಿಯುಸಿಯಲ್ಲಿ ಯಾವ ಪುಸ್ತಕವನ್ನು ಯಾರ ಒತ್ತಾಯವೂ ಇಲ್ಲದೆ ತೆರೆಯುತ್ತಿದ್ದಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಇನ್ನು ಗೆಳೆತನದ ವಿಚಾರ. ಹೊಸಬರನ್ನು ಸ್ವಾಗತಿಸಿ ಪರಿಚಯ ಮಾಡಿಸುವ ಕಾರ್ಯಕ್ರಮ ನಡೆಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಕಾಲೇಜುಗಳಲ್ಲಿ ಇದನ್ನು ಓರಿಯಂಟೇಷನ್ ಎನ್ನುವುದೇ ರೂಢಿ. ದೂರದ ಹಳ್ಳಿಯಿಂದ ಬರುವವರಿಗೆ “ಪಾಠ ಇನ್ನೂ ಶುರುವಾಗಿಲ್ಲವಲ್ಲ, ಸೋಮವಾರದಿಂದ ಹೋದರಾಯಿತು” ಎನ್ನಿಸುವುದು ಸಹಜ. ಆದರೆ ಆ ದಿನ ತಪ್ಪಿಸಬೇಡಿ. ಅಂದು ಎಲ್ಲರೂ ಹೊಸಬರು. ಪಕ್ಕದವರ ಊರು, ಹೆಸರು ಕೇಳಲು ಯಾರಿಗೂ ಸಂಕೋಚವಿರುವುದಿಲ್ಲ. ಹದಿನೈದು ದಿನ ಕಳೆದರೆ ಗುಂಪುಗಳು ಕಟ್ಟಿಕೊಂಡಿರುತ್ತವೆ. ಆಮೇಲೆ ಒಳಗೆ ಹೋಗುವುದು ಕಷ್ಟ.

ಗೆಳೆತನ ಬೆಳೆಯುವುದು ಒಟ್ಟಿಗೆ ಮಾಡುವ ಕೆಲಸದಲ್ಲಿ. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು, ಹಾಗಾಗಿ ಪ್ರಯೋಗಾಲಯದ ಉದಾಹರಣೆ ಕೊಡುತ್ತೇನೆ. ಅಲ್ಲಿ ಹಾಜರಿ ಪಟ್ಟಿಯ ಕ್ರಮದಲ್ಲಿ ಇಬ್ಬಿಬ್ಬರನ್ನು ಒಂದೊಂದು ಮೇಜಿಗೆ ಹಾಕುತ್ತಾರೆ. ಜೊತೆಗಾರನನ್ನು ನಾವು ಆರಿಸಿರುವುದಿಲ್ಲ. ಲೋಲಕದ 20 ಆಂದೋಲನಗಳನ್ನು ಒಬ್ಬ ಎಣಿಸಬೇಕು, ಇನ್ನೊಬ್ಬ ಸ್ಟಾಪ್‌ವಾಚ್ ಒತ್ತಬೇಕು. ಎಣಿಕೆ ತಪ್ಪಿದರೆ ಇಬ್ಬರ ಲೆಕ್ಕವೂ ತಪ್ಪು. ನಾಲ್ಕು ವಾರ ಹೀಗೆ ನಿಂತರೆ ಜಾತಿ, ಊರು, ಇಂಗ್ಲಿಷು ಯಾವುದೂ ಅಡ್ಡ ಬರುವುದಿಲ್ಲ. ಕಲಾ, ವಾಣಿಜ್ಯ ವಿಭಾಗದವರಿಗೂ ಇಂಥ ಮೇಜುಗಳಿವೆ. ಗ್ರಂಥಾಲಯ, ಆಟದ ಬಯಲು, 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ. ಏಳು ದಿನ ಒಂದು ಹಳ್ಳಿಯಲ್ಲಿ ಒಟ್ಟಿಗೆ ಚರಂಡಿ ತೆಗೆದು ಒಟ್ಟಿಗೆ ಊಟ ಮಾಡಿದವರು ಮತ್ತೆ ಅಪರಿಚಿತರಾಗುವುದು ಅಪರೂಪ.

ಇಂಗ್ಲಿಷಿನ ಮಾತು ಬಂತು. ಕನ್ನಡ ಮಾಧ್ಯಮದಿಂದ ಬಂದವರು ಹಿಂದಿನ ಬೆಂಚಿಗೆ ಸರಿಯುವುದನ್ನು ಎಲ್ಲ ಕಡೆ ಕಾಣುತ್ತೇವೆ. ತಿಳಿಯದ್ದನ್ನು ಕೇಳಿದರೆ ನಗುತ್ತಾರೆಂಬ ಅಂಜಿಕೆ. ಮೊದಲ ಸೆಮಿಸ್ಟರಿನ ಫಲಿತಾಂಶ ಕೈಗೆ ಬಂದಾಗ “ನನಗೆ ಓದು ಹತ್ತುವುದಿಲ್ಲ” ಎಂದು ಊರಿಗೆ ಮರಳುವ ಮಕ್ಕಳಿದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಇಲ್ಲದಿದ್ದದ್ದು ಬುದ್ಧಿಯಲ್ಲ, ಕೇಳಲೊಬ್ಬ ಜೊತೆಗಾರ. ಮೂರ್ನಾಲ್ಕು ಜನ ಸಂಜೆ ಅರ್ಧ ಗಂಟೆ ಕುಳಿತು ಅಂದಿನ ಪಾಠವನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಪಾರಿಭಾಷಿಕ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಯಾವುದೆಂದು ಗೊತ್ತಾಗುವುದೂ ಹೆಚ್ಚಾಗಿ ಇಂಥ ಗೆಳೆಯರಿಂದಲೇ.

ಡಾ. ಎಚ್. ನರಸಿಂಹಯ್ಯನವರ ಹೆಸರು ನೀವು ಕೇಳಿರಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದ ಆ ಹುಡುಗ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿದರು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೂ ವಾಸ ಮಾತ್ರ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ, ಹುಡುಗರ ನಡುವೆ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದು ವಿಜ್ಞಾನ ಉಪನ್ಯಾಸ ನಡೆಸುತ್ತ ಬಂತು. ಅಲ್ಲಿ ವಿದ್ಯಾರ್ಥಿಯೂ ವಿಜ್ಞಾನಿಯೂ ನಿವೃತ್ತ ನೌಕರನೂ ಒಂದೇ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಬಹುದಿತ್ತು. ಪ್ರಶ್ನೆ ಕೇಳುವವರಿಗೆ ಗೆಳೆಯರು ಸಿಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಪರಿಚಯದ ನೆಪದಲ್ಲಿ ಹಿರಿಯ ವಿದ್ಯಾರ್ಥಿಗಳು ಹಿಂಸೆ ಕೊಟ್ಟರೆ ಅದನ್ನು ಸ್ನೇಹವೆಂದು ಸಹಿಸಬೇಡಿ. ರ‍್ಯಾಗಿಂಗ್ ಅಪರಾಧ. ಕಾಲೇಜಿನಲ್ಲಿ ದೂರು ಕೊಡಿ, ಅಥವಾ ರಾಷ್ಟ್ರೀಯ ಸಹಾಯವಾಣಿ 1800–180–5522ಕ್ಕೆ ಕರೆ ಮಾಡಿ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. “ಎಷ್ಟು ಅಂಕ?” ಎಂದು ಕೇಳುವ ಮುನ್ನ “ಇವತ್ತು ಯಾರ ಜೊತೆ ಮಾತಾಡಿದೆ ಮಗಾ?” ಎಂದು ಕೇಳಿ.

ಮೊದಲ ತಿಂಗಳು ಮುಗಿದಾಗ ನೀವೇ ಒಂದು ಲೆಕ್ಕ ಹಾಕಿ. ತಪ್ಪಿದ ಪಾಠದ ನೋಟ್ಸ್ ಕೇಳಬಹುದಾದ ಒಬ್ಬ ಸಹಪಾಠಿ, ನಿಮ್ಮ ಹೆಸರು ಹಿಡಿದು ಕರೆಯುವ ಒಬ್ಬ ಅಧ್ಯಾಪಕರು, ಬೇರೆ ವಿಷಯ ಓದುವ ಒಬ್ಬ ಗೆಳೆಯ ಅಥವಾ ಗೆಳತಿ. ಈ ಮೂವರೂ ಸಿಕ್ಕಿದ್ದರೆ ನಿಮ್ಮ ಕಾಲೇಜು ಜೀವನಕ್ಕೆ ಒಳ್ಳೆಯ ಆರಂಭ ದೊರೆತಿದೆ. ಒಬ್ಬರು ಕಡಿಮೆ ಇದ್ದರೆ ನಾಳೆಯೇ ಹೋಗಿ ಮಾತನಾಡಿಸಿ. ನಿಮಗೆ ಶುಭವಾಗಲಿ.