‘ಬೇಜಾರ್’ ಅಂದರೆ ಎಂತ?

ಹಿಂದಿನ ಸಾಲಿನಲ್ಲಿ ಕೂತ ಅಕ್ಕಂದಿರೇ,

ಈ ಸಭೆಯ ಆಮಂತ್ರಣದಲ್ಲಿ ‘ಸಮುದಾಯ ಮತ್ತು ಮಾನಸಿಕ ಆರೋಗ್ಯ’ ಎಂದು ಅಚ್ಚಾಗಿದೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನಗೆ ಗೊತ್ತಿರುವುದು ಶಬ್ದಗಳು. ಇವತ್ತು ಒಂದೇ ಶಬ್ದ ಹಿಡಿದು ಮಾತಾಡುತ್ತೇನೆ. ಹತ್ತು ವರ್ಷದಿಂದ ನನ್ನನ್ನು ಕಾಡುತ್ತಿರುವ ಶಬ್ದ ಅದು: ಬೇಜಾರ್.

ಆಸ್ಪತ್ರೆಯ ಗೋಡೆಯ ಮೇಲಿನ ಫಲಕದಲ್ಲಿ ‘ಖಿನ್ನತೆ’ ಎಂದು ಬರೆದಿರುತ್ತಾರೆ. ಬಿಜೂರು, ಉಪ್ಪುಂದ, ಬೈಂದೂರಿನ ಕಡೆ ‘ನಂಗೆ ಖಿನ್ನತೆ’ ಅಂದವರನ್ನು ನಾನು ಇದುವರೆಗೆ ಕಂಡಿಲ್ಲ. ‘ನಿದ್ರಿ ಬತ್ತಿಲ್ಲೆ’ ಅಂತಾರೆ. ‘ಉಂಬುಕೆ ಮನಸಿಲ್ಲೆ’, ‘ತಲಿ ಭಾರ’, ‘ಎದಿ ಎಂತದೋ ಆತ್ತ್’ ಅಂತಾರೆ. ಇಷ್ಟೆಲ್ಲ ಹೇಳಿ ಆದ ಮೇಲೆ, ಕೇಳುವವರು ನಂಬಿಕೆಯವರಾದರೆ, ದನಿ ಇಳಿಸಿ ‘ಒಟ್ರಾಶಿ ಬೇಜಾರ್’ ಅಂತಾರೆ. ಅಷ್ಟೇ. ಅದರಾಚೆಗೆ ಶಬ್ದವಿಲ್ಲ. ಮತ್ತೆ ಇರುವುದು ‘ಮರುಳು’, ಈಗಿನ ಮಕ್ಕಳ ಬಾಯಲ್ಲಿ ‘ಮೆಂಟಲ್’. ಅವೆರಡೂ ಬೈಗುಳ. ತನ್ನ ಬಗ್ಗೆ ಯಾರೂ ಹೇಳಿಕೊಳ್ಳುವುದಿಲ್ಲ.

ಖಿನ್ನ ಎಂಬುದು ಸಂಸ್ಕೃತ, ಖೇದ ಹುಟ್ಟಿದ ಧಾತುವಿನಿಂದಲೇ ಹುಟ್ಟಿದ್ದು. ಬೇಸರ ನಮ್ಮದೇ. ‘ಬೇಸತ್ತು’ ಎನ್ನುವಾಗ ಬರುವ ಆ ‘ತ್ತು’ ನೋಡಿ, ಶಕಟರೇಫವೆಂಬ ಹಳೆಯ ಅಕ್ಷರ ಇದ್ದ ಕಾಲದ ಗುರುತು ಇನ್ನೂ ಅದರ ಮೈಮೇಲಿದೆ. ಬೇಜಾರು ಪಾರಸಿಯಿಂದ ಬಂದದ್ದು. ಎರಡು ದೂರದ ಶಬ್ದಗಳು ಸದ್ದಿನಲ್ಲೂ ಅರ್ಥದಲ್ಲೂ ಹತ್ತಿರವಾಗಿ ನಮ್ಮ ನಾಲಿಗೆಯಲ್ಲಿ ಬೆರೆತುಹೋದವು. ಇದನ್ನು ನನಗೆ ತೋರಿಸಿಕೊಟ್ಟವರು ನನ್ನ ಕನ್ನಡ ಮಾಷ್ಟ್ರು. ಕಿಟೆಲರ ನಿಘಂಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಪುಟ ಹರಿಯದ ಹಾಗೆ ಅಂಗೈಯಲ್ಲಿ ಮಗುಚುತ್ತಿದ್ದರು. ಅವರ ಬಗ್ಗೆ ಇನ್ನೂ ಹೇಳುವುದಿದೆ, ಮತ್ತೆ ಬರುತ್ತೇನೆ.

ಶಬ್ದದಿಂದ ಈಗ ಚಿಕಿತ್ಸೆಯ ಕಡೆಗೆ ಬರೋಣ. ಅದರ ಇತಿಹಾಸ ನಿಮಗೆ ತಿಳಿದದ್ದೇ. ಮಾನಸಿಕ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಗೆ ತರಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ರಾಜ್ಯ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಕೆಲಸವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಲ್ಲಿಂದ ಘಟ್ಟ ಹತ್ತಿದರೆ ತೀರ್ಥಹಳ್ಳಿ. ಆ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇದ್ದವರನ್ನು ಊರೂರಿನಲ್ಲೇ ಗುರುತಿಸಿ, ಊರಲ್ಲೇ ಮದ್ದು ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತರು. ಕಡಿಮೆ ಬೆಲೆಯ ಮದ್ದಿನಿಂದಲೇ ಅನೇಕರು ಮನೆಗೆಲಸ, ತೋಟದ ಕೆಲಸಕ್ಕೆ ಮರಳಿದರು. ಈಗ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಈ ಸಂಖ್ಯೆಯನ್ನು ದಯವಿಟ್ಟು ಬರೆದುಕೊಳ್ಳಿ, ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ವೈದ್ಯರಿದ್ದಾರೆ, ಮದ್ದಿದೆ, ಸಂಖ್ಯೆಯೂ ಇದೆ. ಹಾಗಾದರೆ ನಮ್ಮವರು ಯಾಕೆ ಹೋಗುವುದಿಲ್ಲ?

1996ರಲ್ಲಿ ಡಾ. ರಘುರಾಮ್ ಮತ್ತು ಅವರ ಜೊತೆಗಾರರು ಬೆಂಗಳೂರಿನಲ್ಲಿ ಮನೋವೈದ್ಯರಲ್ಲಿಗೆ ಬಂದ ರೋಗಿಗಳನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಮನಸ್ಸಿನ ದುಃಖವನ್ನು ದುಃಖವೆಂದೇ ಹೇಳಿಕೊಂಡವರಿಗೆ ನಾಚಿಕೆ ಹೆಚ್ಚು, ಮೈನೋವಾಗಿ ಹೇಳಿಕೊಂಡವರಿಗೆ ಕಡಿಮೆ ಎಂದು ಕಂಡಿತು. ಅದನ್ನು ಓದಿದಾಗ ನನ್ನ ಅಬ್ಬಿಯ, ಅಂದರೆ ತಾಯಿಯ, ತಲೆನೋವು ನೆನಪಾಯಿತು. ತಲೆನೋವು ಯಾರಿಗೂ ಬರಬಹುದು, ತಲೆನೋವು ಇದೆ ಎಂದು ಮಗಳ ಮದುವೆಯ ಮಾತು ಮುರಿಯುವುದಿಲ್ಲ. ‘ತಲಿ ಭಾರ’ ಅಂದವಳು ಸುಳ್ಳು ಹೇಳುತ್ತಿಲ್ಲ. ಭಾರ ನಿಜವಾಗಿಯೂ ಅಲ್ಲೇ ಇದೆ. ಅವಳು ಹೇಳಬಹುದಾದ ಭಾಗವನ್ನು ಹೇಳುತ್ತಿದ್ದಾಳೆ.

ಇನ್ನೊಂದು ಸಂಗತಿ ದೂರದ ಜಿಂಬಾಬ್ವೆಯದು. ಅಲ್ಲಿನ ಶೋನಾ ಭಾಷೆಯಲ್ಲಿ ಈ ಕಷ್ಟಕ್ಕೆ ‘ಕುಫುಂಗಿಸಿಸ’ ಅಂತಾರೆ, ಅತಿಯಾಗಿ ಯೋಚನೆ ಮಾಡುವುದು ಎಂದರ್ಥ. ನಮ್ಮಲ್ಲಿ ‘ಯೋಚ್ನಿ ಮಾಡಿ ಮಾಡಿ ಹೀಂಗಾಯ್ತ್’ ಅಂತೇವಲ್ಲ, ಅದೇ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಊರ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟಿದ್ದರು. ಅಜ್ಜಿಯಂದಿರು ಒಪ್ಪಲಿಲ್ಲ, ಆ ಹೆಸರಿಟ್ಟರೆ ಯಾರೂ ಬಂದು ಕೂರುವುದಿಲ್ಲ ಎಂದರು. ಹೆಸರು ಗೆಳೆತನದ ಬೆಂಚು ಎಂದಾಯಿತು, ಜನ ಬಂದರು. 2016ರಲ್ಲಿ 573 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟವಾದಾಗ, ಬೆಂಚಿನ ಮೇಲೆ ಕೂತವರು ಆರು ತಿಂಗಳ ನಂತರವೂ ಉಳಿದವರಿಗಿಂತ ಚೆನ್ನಾಗಿದ್ದರು. ಹೆಸರು ಬದಲಿಸಿದ್ದು ವೈದ್ಯರಲ್ಲ, ಅಜ್ಜಿಯಂದಿರು. ನನಗೆ ಇದು ಬಹಳ ದೊಡ್ಡ ಮಾತು.

ನಮ್ಮ ಶಿವರಾಮ ಕಾರಂತಜ್ಜನ ಕಾದಂಬರಿಯ ಮೂಕಜ್ಜಿಯನ್ನೇ ನೆನಪಿಸಿಕೊಳ್ಳಿ. ಊರವರಿಗೆ ಅವಳ ಮಾತು ಅರಳುಮರಳು. ಮೊಮ್ಮಗ ಸುಬ್ಬರಾಯ ಒಬ್ಬ ಹತ್ತಿರ ಕೂತು ಕೇಳಿದ.

ನಾವೂ ಊರ ಮಾತು ಕೇಳುವ ದಿನ ಒಂದಿದೆ: ಆಸಾಡಿ ಅಮಾಸಿಗೆ ಕುಂದಾಪ್ರ ಕನ್ನಡದ ಹಬ್ಬ ಮಾಡುತ್ತೇವೆ. ತಿಂಡಿಗಳ ಹೆಸರು, ಗಾದೆ, ನಗೆಮಾತು ಎಲ್ಲ ವೇದಿಕೆ ಹತ್ತುತ್ತವೆ, ಸಂತೋಷ. ಅದೇ ಆಸಾಡಿಯಲ್ಲಿ ದೋಣಿ ದಡದಲ್ಲಿರುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆ ಬಿಡುವುದಿಲ್ಲ, ಗಂಡ ಮನೆಯಲ್ಲಿ, ಮಗ ಮುಂಬಯಿಯ ಹೋಟೆಲಿನಲ್ಲಿ, ಕೈಯಲ್ಲಿ ದುಡ್ಡಿಲ್ಲ. ಆಗ ಒಲೆ ಮುಂದೆ ಕೂತವಳು ಆಡುವ ಕುಂದಾಪ್ರ ಕನ್ನಡವನ್ನೂ ಯಾರಾದರೂ ಬರೆದಿಡಬೇಕು. ನನ್ನ ಹಟ ಇಷ್ಟೇ: ಆಶಾ ಕಾರ್ಯಕರ್ತೆಯ ಕೈಯ ಪ್ರಶ್ನೆಪಟ್ಟಿಯಲ್ಲಿ, ಆಸ್ಪತ್ರೆಯ ಫಲಕದಲ್ಲಿ ಆ ಮಾತು ಇರಲಿ. ‘ಎರಡು ವಾರದಿಂದ ಬೇಜಾರ್ ಇತ್ತಾ? ನಿದ್ರಿ ಬತ್ತಾ?’ ಎಂದು ಕೇಳಲಿ.

ಇದನ್ನು ಒಬ್ಬ ಡಾಕ್ಟರ ಹತ್ತಿರ ಹೇಳಿದೆ. ಅವರು ಒಪ್ಪಲಿಲ್ಲ. ‘ಬಸ್ಸು ತಪ್ಪಿದರೂ ಬೇಜಾರು, ಯಕ್ಷಗಾನದ ಆಟದಲ್ಲಿ ಭಾಗವತರ ಸ್ವರ ಕೂರದಿದ್ದರೂ ಬೇಜಾರು. ಕಾಯಿಲೆಗೆ ಅದರದ್ದೇ ಹೆಸರು ಬೇಡವೇ? ಹೆಸರಿಲ್ಲದ್ದಕ್ಕೆ ಯಾರು ಮದ್ದು ನುಂಗುತ್ತಾರೆ?’ ಅಂದರು. ನಾನು ವಾದ ಮಾಡಿ ಬಂದೆ. ಮನೆಗೆ ಬಂದ ಮೇಲೆ ನನ್ನ ಮಾಷ್ಟ್ರು ನೆನಪಾದರು.

ಒಂದು ಮಳೆಗಾಲ, ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಬರೆದ ಲೇಖನ ಒಂದನ್ನು ತೋರಿಸಲು ಅವರ ಮನೆಗೆ ಹೋದೆ. ಚಾವಡಿಯಲ್ಲಿ ಕೂತಿದ್ದರು, ಗಡ್ಡ ಬೆಳೆದಿತ್ತು. ಲೇಖನದ ಎರಡು ಪುಟ ನೋಡಿ ಬದಿಗಿಟ್ಟರು. ‘ಯಾಕೋ ಬೇಜಾರ್ ಮಾಣಿ’ ಅಂದರು. ನನ್ನ ಬರಹ ಅವರಿಗೆ ಬೇಜಾರು ತಂದಿತು ಎಂದು ನಾನು ತಿಳಿದೆ. ನೊಂದುಕೊಂಡು ಹಿಂದೆ ಬಂದೆ. ಎರಡು ತಿಂಗಳು ಆ ಕಡೆ ಹೋಗಲೇ ಇಲ್ಲ. ಆ ಎರಡು ತಿಂಗಳು ಅವರು ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ, ನಿಘಂಟು ತೆರೆಯಲಿಲ್ಲ ಎಂದು ಅವರ ಮನೆಯವರು ಹೇಳಿದ್ದು ಆಮೇಲೆ. ಚಿಕಿತ್ಸೆ ಸಿಕ್ಕಿತು, ಹುಷಾರಾದರು, ಮತ್ತೂ ಬಹಳ ವರ್ಷ ಬದುಕಿದರು. ನಾನು ಯಾಕೆ ಬರಲಿಲ್ಲ ಎಂದು ಒಂದು ದಿನವೂ ಕೇಳಲಿಲ್ಲ.

ಹಾಗಾಗಿ ಈ ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಎಲ್ಲರಿಗೂ ಸಲೀಸಾಗಿ ಬರುವ ಮಾತು, ಸಲೀಸು ಎಂಬ ಕಾರಣಕ್ಕೇ ಯಾರ ಕಿವಿಗೂ ಬೀಳದೆ ಹೋಗುತ್ತದೆಯೇ? ಹಿಂದಿನ ಸಾಲಿನ ಅಕ್ಕಂದಿರೇ, ನೀವು ‘ಬೇಜಾರ್’ ಅಂದಾಗ ‘ಎಂತಕ್ಕೆ?’ ಎಂದು ತಿರುಗಿ ಕೇಳಿದವರು ಯಾರಾದರೂ ಇದ್ದಾರೆಯೇ? ಮಾಷ್ಟ್ರು ಅವತ್ತು ‘ಖಿನ್ನತೆ’ ಎಂದೇ ಹೇಳಿದ್ದರೆ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಅವರ ಮನೆಗೆ ಹೋಗುತ್ತಿದ್ದೆನೇ? ಅಥವಾ ಹೆದರಿ, ಎರಡು ತಿಂಗಳ ಬದಲು ಎರಡು ವರ್ಷ ದೂರ ನಿಲ್ಲುತ್ತಿದ್ದೆನೇ?