ಹಲವು ಕೈಗಳ ಗಣಕಯಂತ್ರ

(ಕೌತಾಳಂನಲ್ಲಿ ಸಂಘದ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣ)



ಗಣಕಯಂತ್ರದ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ಈ ಶಾಸ್ತ್ರದಲ್ಲಿ ನಾವು ಪಂಡಿತರಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ದಾನವಾಗಿತ್ತ ಯಂತ್ರವೊಂದನ್ನು ನಡೆಯುವಂತೆ ಮಾಡಲು ಹೋಗಿ, ಎರಡು ವಾರ ಹೆಣಗಿ, ಅಷ್ಟಿಷ್ಟು ಕಲಿತವರು. ಆ ಹೆಣಗಾಟವನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಇದರ ಅಗತ್ಯವೇನಿತ್ತು ಎಂದು ತಾವು ಕೇಳಬಹುದು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಂದಿನಿಂದ ನಮ್ಮ ಮಕ್ಕಳಿಗೆ ಮನೆಯಲ್ಲೊಂದು ನುಡಿ, ಕಚೇರಿಯಲ್ಲೊಂದು ನುಡಿ. ಪರೀಕ್ಷೆಯ ಕಾಲ ಸಮೀಪಿಸಿದಾಗ ನಮ್ಮ ಕೈಗೆ ದೊರೆಯುವ ಅಭ್ಯಾಸದ ಪ್ರಶ್ನೆಗಳು ಬಹುಮಟ್ಟಿಗೆ ತೆಲುಗಿನವು. ಉಪಾಧ್ಯಾಯರು ರಾತ್ರಿ ಕುಳಿತು ಅವನ್ನು ಕನ್ನಡಿಸುತ್ತಾರೆ. ಆ ಪ್ರತಿ ಮಗುವಿನ ಕೈಸೇರುವ ಹೊತ್ತಿಗೆ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಹೀಗಿರಲಾಗಿ, ಮದರಾಸಿನ ಐ.ಐ.ಟಿ.ಯಲ್ಲಿರುವ ಎಐ ಫಾರ್ ಭಾರತ್ ಎಂಬ ತಂಡದವರು 2023ರಲ್ಲಿ ಇಂಡಿಕ್‌ಟ್ರಾನ್ಸ್ 2 ಎಂಬ ಅನುವಾದ ಸಾಧನವನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟರು. ಸಂವಿಧಾನವು ಪಟ್ಟಿ ಮಾಡಿದ 22 ಭಾಷೆಗಳೂ ಅದರಲ್ಲಿವೆ. ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲದ ಹಂಗಿಲ್ಲದೆ ನಮ್ಮ ಯಂತ್ರದಲ್ಲಿಯೇ ನಡೆಯುತ್ತದೆ. ಆದರೆ ಸಾಧಾರಣ ರೀತಿಯಲ್ಲಿ ನಡೆಸಿದಾಗ ಅದು ಎಷ್ಟು ನಿಧಾನವಾಯಿತೆಂದರೆ, ಒಂದು ಪತ್ರಿಕೆ ಮುಗಿಯುವಷ್ಟರಲ್ಲಿ ಮುಂದಿಟ್ಟ ಚಹಾ ತಣ್ಣಗಾಗುತ್ತಿತ್ತು.

ನಿಧಾನಕ್ಕೆ ಕಾರಣವನ್ನು ಹತ್ತಿಯ ಹೊಲದಲ್ಲಿ ನೋಡೋಣ. ಗಣಕದ ಮುಖ್ಯ ಸಂಸ್ಕಾರಕವು ಬಲು ಚುರುಕಾದ ನಾಲ್ಕೆಂಟು ಆಳುಗಳಂತೆ. ಎಂಥ ತೊಡಕಿನ ಕೆಲಸವನ್ನೂ ಮಾಡಬಲ್ಲವು. ಆದರೆ ಇಡೀ ಹೊಲದ ಹತ್ತಿ ಬಿಡಿಸಲು ಜಾಣ್ಮೆಗಿಂತ ಕೈಗಳು ಬೇಕು. ಸಾಲಿಗೊಬ್ಬರು ನಿಂತರೆ ಹೊತ್ತು ಮುಳುಗುವ ಮೊದಲು ಮುಗಿಯುತ್ತದೆ. ಚಿತ್ರ ಮೂಡಿಸಲೆಂದು ಯಂತ್ರದೊಳಗಿಡುವ ಗ್ರಾಫಿಕ್ಸ್ ಕಾರ್ಡಿನಲ್ಲಿ ಇಂಥ ಕೈಗಳು ನೂರಾರು. ನಮಗೆ ದೊರೆತುದು 2016ರ ಜಿಟಿಎಕ್ಸ್ 1050 ಟಿಐ. ಅದರಲ್ಲಿ 768 ಕೈಗಳಿವೆ. ಅನುವಾದವೆಂಬುದು ಯಂತ್ರದ ಮಟ್ಟಿಗೆ ಅಸಂಖ್ಯ ಗುಣಾಕಾರ ಸಂಕಲನಗಳೇ ಆದುದರಿಂದ ಅವನ್ನು ಹಂಚಿಕೊಂಡು ಏಕಕಾಲದಲ್ಲಿ ಮಾಡಬಹುದು. ಇದೇ ಸಮಾಂತರ ಗಣನೆ. ನೆಲ ಉಳುವ ಮೊದಲೇ ಬಿತ್ತಲಾಗದಂತೆ, ಒಂದರ ಫಲ ಬಾರದೆ ಇನ್ನೊಂದು ಮೊದಲಾಗದ ಕೆಲಸಗಳಿಗೆ ಇದರಿಂದ ಲಾಭವಿಲ್ಲವೆಂಬುದನ್ನೂ ಹೇಳಬೇಕು.

ಈ ವಿದ್ಯೆ ನಮ್ಮ ನೆರೆಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಷ್ಟು ಹಿಂದೆಯೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿದ್ದರು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಬಂದುದು 1991ರಲ್ಲಿ. ಅಂದು ಪ್ರಯೋಗಾಲಯಗಳಿಗಷ್ಟೇ ಎಟುಕುತ್ತಿದ್ದುದು ಇಂದು ಹಳ್ಳಿಯ ಶಾಲೆಯ ಮೇಜಿನ ಮೇಲೆ ಬಂದು ಕುಳಿತಿದೆ.

ಬಂದು ಕುಳಿತರೆ ಸಾಲದು. ಯಂತ್ರವನ್ನು ಆಳುವ ಲಿನಕ್ಸ್ ವ್ಯವಸ್ಥೆಗೆ ಕಾರ್ಡಿನ ಭಾಷೆ ಬಾರದು, ಕಾರ್ಡಿಗೆ ಲಿನಕ್ಸಿನ ಭಾಷೆ ಬಾರದು. ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ಗಡಿಯ ಊರಿನವರಾದ ನಮಗೆ ದುಭಾಷಿಯ ಬೆಲೆ ಚೆನ್ನಾಗಿ ಗೊತ್ತು! ಲಿನಕ್ಸಿನೊಡನೆಯೇ ಬರುವ ನೂವೋ ಎಂಬ ದುಭಾಷಿ ಪರದೆಯ ಮೇಲೆ ಚಿತ್ರ ಮೂಡಿಸಬಲ್ಲುದು, ಆದರೆ ಲೆಕ್ಕದ ಕೆಲಸದ ಕುಡಾ ಎಂಬ ಏರ್ಪಾಟನ್ನು ಅರಿಯದು. ಎನ್‌ವಿಡಿಯಾ ಕಂಪನಿಯವರು 2007ರಲ್ಲಿ ಹೊರತಂದ ಆ ಏರ್ಪಾಟಿಗೆ ಅವರದೇ ಡ್ರೈವರ್ ಬೇಕು.

ಇಲ್ಲಿ ನಾವು ಮೊದಲನೆಯ ತಪ್ಪು ಮಾಡಿದೆವು. ಹೊಸದೆಲ್ಲವೂ ಒಳ್ಳೆಯದೆಂದು ಭಾವಿಸಿ, ಎಲ್ಲಕ್ಕಿಂತ ಹೊಸ ಡ್ರೈವರನ್ನೇ ಹುಡುಕಿ ಹಾಕಿದೆವು. ಕಾರ್ಡು ಅದಕ್ಕೆ ಕಾಣಿಸಲೇ ಇಲ್ಲ. ನಮ್ಮ ಕಾರ್ಡು ಪ್ಯಾಸ್ಕಲ್ ಎಂಬ ಪೀಳಿಗೆಯದು. ಆ ಪೀಳಿಗೆಯನ್ನು ಬಲ್ಲ ಕೊನೆಯ ಡ್ರೈವರ್ ಸಾಲು 580. 2025ರಲ್ಲಿ ಬಂದ 13ನೆಯ ಕುಡಾ ಅದನ್ನು ಕೈಬಿಟ್ಟಿದೆ. ದಾನವಾಗಿ ಬರುವ ಯಂತ್ರಗಳು ಹಳೆಯವೇ ಆಗಿರುವುದರಿಂದ, ಮೊದಲು ಕಾರ್ಡಿನ ಹೆಸರು, ಆಮೇಲೆ ಅದಕ್ಕೊಪ್ಪುವ ಡ್ರೈವರ್, ಕಡೆಯಲ್ಲಿ ಅನುವಾದ ಸಾಧನವನ್ನು ನಡೆಸುವ ಪೈಟಾರ್ಚ್, ಈ ಕ್ರಮವನ್ನು ತಪ್ಪಬಾರದು. ಪೈಟಾರ್ಚ್ ತನಗೆ ಬೇಕಾದ ಕುಡಾ ಭಾಗಗಳನ್ನು ತಾನೇ ಹೊತ್ತು ತರುತ್ತದೆ, ನಾವು 12.6ರ ಗುರುತಿರುವುದನ್ನು ಆರಿಸಿದೆವು.

ಎರಡನೆಯ ತಪ್ಪಿಗೆ ಕಾರಣ ಭಯ. ಡ್ರೈವರನ್ನು ಬದಲಿಸುವಾಗ ಅದು ಒಂದು ಗುಪ್ತಪದ ಕೇಳಿತು, ಕೊಟ್ಟೆವು. ಯಂತ್ರ ಮತ್ತೆ ಎದ್ದಾಗ ನೀಲಿ ಪರದೆಯೊಂದು ಬಂದು ಏನನ್ನೋ ಕೇಳಿತು. ಯಂತ್ರ ಕೆಟ್ಟಿತೆಂದೇ ಹೆದರಿ, ‘ಮುಂದುವರಿ’ ಎಂಬುದನ್ನು ಒತ್ತಿಬಿಟ್ಟೆವು. ಅನಂತರ ಎನ್‌ವಿಡಿಯಾ-ಎಸ್‌ಎಂಐ ಎಂಬ ಆಜ್ಞೆ ಕೊಟ್ಟಾಗಲೆಲ್ಲ, ಡ್ರೈವರಿನೊಡನೆ ಮಾತಾಡಲಾಗಲಿಲ್ಲವೆಂಬ ಒಂದೇ ಉತ್ತರ. ನಾಲ್ಕು ದಿನ ಡ್ರೈವರನ್ನು ಕಿತ್ತು ಹಾಕಿ, ಹಾಕಿ ಕಿತ್ತೆವು. ನಿಜವಾಗಿ ನಡೆದುದಿಷ್ಟು: ಸೆಕ್ಯೂರ್ ಬೂಟ್ ಎಂಬ ಕಾವಲುಗಾರನು ಮುದ್ರೆಯಿಲ್ಲದವರನ್ನು ಒಳಗೆ ಬಿಡನು. ಆ ನೀಲಿ ಪರದೆಯು ಹೊಸ ಮುದ್ರೆಯನ್ನು ನೋಂದಾಯಿಸಲು ಬಂದಿತ್ತು. ನೋಂದಾವಣೆಯನ್ನು ಆರಿಸಿ, ಹಿಂದೆ ಕೊಟ್ಟ ಗುಪ್ತಪದವನ್ನೇ ಮತ್ತೆ ಕೊಡಬೇಕಾಗಿತ್ತು. ಹಾಗೆ ಮಾಡಿದೊಡನೆ ಕಾರ್ಡಿನ ಹೆಸರೂ ಅದರ 4 ಗಿಗಾಬೈಟ್ ಸ್ಮೃತಿಯೂ ಪರದೆಯ ಮೇಲೆ ಮೂಡಿದುವು. ಅಲ್ಲಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾದಾಗಲೆಲ್ಲ ಡ್ರೈವರೂ ಅದಕ್ಕೆ ತಕ್ಕಂತೆ ಮತ್ತೆ ಸಿದ್ಧವಾಗಬೇಕು. ಡಿಕೆಎಂಎಸ್ ಎಂಬ ಏರ್ಪಾಟು ಅದನ್ನು ತಾನೇ ಮಾಡುತ್ತದೆ, ಆದರೆ ಕರ್ನಲಿನ ಹೆಡರ್ ಕಡತಗಳು ಯಂತ್ರದಲ್ಲಿರಬೇಕು. ಅವಿಲ್ಲದೆ ಒಂದು ಬೆಳಗ್ಗೆ ಡ್ರೈವರ್ ಮತ್ತೆ ಮಾಯವಾಗಿತ್ತು. ಆರಂಭದ ಪಟ್ಟಿಯಲ್ಲಿ ಹಳೆಯ ಕರ್ನಲನ್ನು ಆರಿಸಿ ಎಬ್ಬಿಸಿ, ಹೆಡರುಗಳನ್ನು ತಂದು ಹಾಕಿದ ಮೇಲೆ ಸರಿಹೋಯಿತು.

ಈಗ ಒಂದು ಪತ್ರಿಕೆ ಚಹಾ ತಣ್ಣಗಾಗುವ ಬಹಳ ಮೊದಲೇ ಕನ್ನಡಕ್ಕೆ ಬರುತ್ತದೆ. ಬಂದುದನ್ನೆಲ್ಲ ನಂಬುವಂತಿಲ್ಲ. ತೆಲುಗಿನಲ್ಲಿ ‘ವ್ಯಾಸಂ’ ಎಂದರೆ ವೃತ್ತದ ವ್ಯಾಸವೂ ಹೌದು, ಪ್ರಬಂಧವೂ ಹೌದು. ಗ್ರಾಮ ನೈರ್ಮಲ್ಯವನ್ನು ಕುರಿತು ವ್ಯಾಸ ಬರೆಯಿರೆಂದು ಯಂತ್ರವು ಆಜ್ಞಾಪಿಸಿದುದನ್ನು ಕಂಡು ಹತ್ತನೆಯ ತರಗತಿಯವರು ನಕ್ಕರು. ಪ್ರತಿಯೊಂದು ಹಾಳೆಯನ್ನೂ ಕನ್ನಡ ಪಂಡಿತರು ಓದಿ ತಿದ್ದಿದ ಮೇಲೆಯೇ ಮಕ್ಕಳಿಗೆ ಕೊಡಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ಅವರಿಗೆ ಈಗ ಊಟಕ್ಕೆ ಮೊದಲೇ ಮುಗಿಯುತ್ತಿದೆ.

ಹೇಳಿದ ಕ್ರಮವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇವೆ. ನೀಲಿ ಪರದೆಯ ವಿಷಯವನ್ನು ಕೆಂಪು ಶಾಯಿಯಲ್ಲಿ ಬರೆದಿದೆ. ನೆರೆಯ ಊರುಗಳ ಕನ್ನಡ ಶಾಲೆಯವರು ಅದನ್ನು ನಕಲು ಮಾಡಿಕೊಳ್ಳಬಹುದು. ಸಭೆ ಮುಗಿದ ಮೇಲೆ, ವಿದ್ಯುಚ್ಛಕ್ತಿ ಇದ್ದರೆ, ಪಕ್ಕದ ಕೊಠಡಿಯಲ್ಲಿ ಯಂತ್ರವನ್ನು ನಡೆಸಿ ತೋರಿಸುತ್ತೇವೆ.